ಸೋರೆಬುರುಡೆಗೆ ಮಣಿಬಲೆ

ಮಾತಿಗೆ ಮೊದಲು ಒಂದು ಸದ್ದು ಕೇಳಿಸುತ್ತೇನೆ. ಝಲ್... ಝಲ್... ಗೆಜ್ಜೆ ಅಂದುಕೊಂಡಿರಬಹುದು. ಗೆಜ್ಜೆ ಲೋಹದ್ದು, ಅದರ ಸದ್ದಿಗೆ ಮೊನೆ ಇರುತ್ತದೆ. ಇದು ಕಬ್ಬಿನ ಗರಿಯ ಮೇಲೆ ಮಳೆ ಸುರಿದ ಹಾಗೆ ಕೇಳುತ್ತದೆ. ಈಗ ಇದನ್ನೇ ಕೆಳಗಿನಿಂದ ಅಂಗೈಯಲ್ಲಿ ತಟ್ಟುತ್ತೇನೆ. ದುಂ ಎಂದಿತು, ಅದರ ಬೆನ್ನಿಗೇ ಝಲ್ ಎಂದಿತು. ಕೈಯಲ್ಲಿರುವುದು ಒಂದೇ ವಾದ್ಯ. ಒಣಗಿದ ಒಂದು ಸೋರೆಬುರುಡೆ, ಅದರ ಮೈಸುತ್ತ ಸಡಿಲಾಗಿ ಹೆಣೆದ ಮಣಿಗಳ ಬಲೆ. ತೊಗಲಿಲ್ಲ, ತಂತಿಯಿಲ್ಲ, ಲೋಹದ ಚೂರೂ ಇಲ್ಲ.

ಇದರ ತವರು ಪಶ್ಚಿಮ ಆಫ್ರಿಕ. ನೈಜೀರಿಯ, ಬೆನಿನ್ ಕಡೆಯ ಯೊರುಬಾ ಜನ ಇದನ್ನು ಶೆಕೆರೆ ಎನ್ನುತ್ತಾರೆ. ಘಾನಾ ಮತ್ತು ಟೋಗೋದ ಎವೆ ಜನರಲ್ಲಿ ಇದರ ಚಿಕ್ಕ ರೂಪವಿದೆ, ಅದು ಆಕ್ಸಾತ್ಸೆ. ಗುಲಾಮರ ಹಡಗುಗಳಲ್ಲಿ ಅಟ್ಲಾಂಟಿಕ್ ದಾಟಿದವರು ಕೈಯಲ್ಲಿ ಏನೂ ಒಯ್ಯಲಿಲ್ಲ, ಒಯ್ಯಲು ಬಿಟ್ಟವರೂ ಇಲ್ಲ. ಹೆಣೆಯುವ ಬಗೆಯನ್ನು ಮಾತ್ರ ಬೆರಳುಗಳಲ್ಲಿ ಒಯ್ದರು. ಕ್ಯೂಬಾದಲ್ಲಿ, ಬ್ರೆಜಿಲ್ಲಿನಲ್ಲಿ ಅಲ್ಲಿಯ ಬುರುಡೆಗೆ ಅಲ್ಲಿಯ ಮಣಿ ಕಟ್ಟಿದರು. ಬ್ರೆಜಿಲ್ಲಿನ ರೆಸಿಫೆ ನಗರದ ಮರಕಾತು ಮೆರವಣಿಗೆಯಲ್ಲಿ ಇಂದಿಗೂ ಸಾಲಾಗಿ ನಡೆಯುತ್ತ ಇದನ್ನು ಮೇಲಕ್ಕೆಸೆದು ಹಿಡಿದು ಬಾರಿಸುವವರಿದ್ದಾರೆ. ನ್ಯೂಯಾರ್ಕಿನಲ್ಲಿ ಮ್ಯಾಡೆಲೀನ್ ಯಾಯೊಡೆಲೆ ನೆಲ್ಸನ್ ಎಂಬ ಕಲಾವಿದೆ ತನ್ನ ಕೈಯಾರೆ ಶೆಕೆರೆಗಳನ್ನು ಕಟ್ಟಿ, ಹೆಂಗಸರದೇ ಒಂದು ವಾದ್ಯತಂಡ ನಡೆಸಿದರು.

ನಮ್ಮ ಗಿಲಗಂಚಿಗೂ ಇದಕ್ಕೂ ಇರುವ ಭೇದ ಮೊದಲೇ ಹೇಳಬೇಕು. ಗಿಲಗಂಚಿಯಲ್ಲಿ ಕಾಳು ಒಳಗಿರುತ್ತದೆ, ಅದು ತನಗೆ ಬೇಕಾದಾಗ ಉರುಳುತ್ತದೆ. ಇದರಲ್ಲಿ ಮಣಿ ಹೊರಗಿದೆ, ಬಲೆಯ ಗಂಟಿನಲ್ಲಿ ಸಿಕ್ಕಿದೆ. ಹಾಗಾಗಿ ಬಾರಿಸುವವನು ಹೇಳಿದ ಗಳಿಗೆಗೆ ಅದು ಮಾತಾಡುತ್ತದೆ, ಸುಮ್ಮನಿರು ಎಂದರೆ ಸುಮ್ಮನಿರುತ್ತದೆ. ಒಳಗೆ ಕಾಳಿಲ್ಲದ್ದರಿಂದ ಬುರುಡೆ ಪೂರಾ ಖಾಲಿ. ಆ ಖಾಲಿಯೇ ದುಂ ಎನ್ನುವುದು.

ಇಷ್ಟು ದೂರದ ವಾದ್ಯವನ್ನು ಯಡೂರಿನವನಾದ ನಾನು ಯಾಕೆ ಹಚ್ಚಿಕೊಂಡೆ ಅಂದರೆ, ಇದಕ್ಕೆ ಬೇಕಾದ ಒಂದೊಂದು ಕೈಗೆಲಸವೂ ನಮ್ಮೂರ ಸುತ್ತ ಇದೆ. ಒಂದೆಡೆ ಕೂಡಿಲ್ಲ, ಅಷ್ಟೆ. ಯಡೂರು ಚಿಕ್ಕೋಡಿ ತಾಲೂಕಿನ ಕೃಷ್ಣಾ ದಂಡೆಯ ಊರು. ವೀರಭದ್ರೇಶ್ವರನ ಗುಡಿಯಿಂದ, ಕಾಡಸಿದ್ಧೇಶ್ವರ ಮಠದಿಂದ ನಮ್ಮೂರ ಹೆಸರು ಗಡಿಯಾಚೆಗೂ ಗೊತ್ತು. ಮಳೆಗಾಲದಲ್ಲಿ ಕಲ್ಲೋಳ–ಯಡೂರ ಬಾಂದಾರ ನೀರಿನಲ್ಲಿ ಮುಳುಗಿತೆಂದು ನೀವು ಇದೇ ಬಾನುಲಿಯಲ್ಲಿ ಕೇಳಿರುತ್ತೀರಿ. ಹೊಳೆದಂಡೆಯ ಈ ಊರುಗಳಲ್ಲಿ ಹಿಂದೆ ಮನೆಮನೆಯ ಜಂತಿಗೆ ಒಣ ಬುರುಡೆಗಳು ತೂಗುತ್ತಿದ್ದವು. ಬೀಜದ ಕಾಳು ಕಾಯ್ದಿಡಲು ಒಂದು, ಹೊಲಕ್ಕೆ ನೀರು ಒಯ್ಯಲು ಒಂದು. ಹುಡುಗರಿಗೆ ಈಸು ಕಲಿಸುವಾಗ ಬೆನ್ನಿಗೆ ಕಟ್ಟುತ್ತಿದ್ದದ್ದೂ ಬುರುಡೆಯನ್ನೇ. ಗಾಳಿ ತುಂಬಿದ ಟ್ಯೂಬು ಬಂದ ಮೇಲೆ ಆ ಬುರುಡೆ ಹೋಯಿತು, ಪ್ಲಾಸ್ಟಿಕ್ ಡಬ್ಬಿ ಬಂದ ಮೇಲೆ ಬೀಜದ ಬುರುಡೆಯೂ ಹೋಯಿತು.

ಹಾಡಿನ ಬುರುಡೆ ಮಾತ್ರ ಉಳಿಯಿತು. ಕಾಗವಾಡದ ಆಚೆಗೆ ಮಿರಜ. ಅಲ್ಲಿಯ ತಂಬೂರಿಯ ಹೆಸರು ಹಾಡುವವರಿಗೆಲ್ಲ ಗೊತ್ತು. ಕತ್ತಿ, ಭರ್ಚಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು, ಆಯುಧದ ಗಿರಾಕಿ ಕಡಿಮೆಯಾದಾಗ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ತಂತಿವಾದ್ಯದ ಕಡೆ ತಿರುಗಿದರು. ಆ ಕಸುಬಿಗೆ ಫರೀದಸಾಹೇಬ ಸಿತಾರಮೇಕರ್ ಅವರನ್ನು ಮೂಲಪುರುಷರೆಂದು ಎಣಿಸುತ್ತಾರೆ. 2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅವರು ಬಳಸುವ ದೊಡ್ಡ ಬುರುಡೆಗಳು ಪಂಢರಪುರ, ಮಂಗಳವೇಢೆ ಭಾಗದ ಹೊಲಗಳಿಂದ ಬರುತ್ತವೆ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆನಿಂತದ್ದು ಇದೇ ಮಿರಜದಲ್ಲಿ. ಧಾರವಾಡ, ಹುಬ್ಬಳ್ಳಿಯ ನಮ್ಮ ಹಾಡುಗಾರಿಕೆಯ ಬೆನ್ನಿಗೆ ಕೂತ ಬುರುಡೆ ಅದು. ದೊಡ್ಡವರ ಬೈಠಕ್ಕಿಗೆ ತಂಬೂರಿಯಾದರೆ, ನಮ್ಮ ಹಳ್ಳಿಯ ತತ್ವಪದಕ್ಕೆ ಏಕತಾರಿ. ಅದೂ ಸೋರೆಯೇ. ಬಸವಣ್ಣನವರು ಒಂದು ವಚನದಲ್ಲಿ ದೇಹವನ್ನು ದಂಡಿಗೆಗೂ ತಲೆಯನ್ನು ಸೋರೆಗೂ ಒಪ್ಪಿಸಿಬಿಡುತ್ತಾರೆ. ಕಿನ್ನರಿ ಬ್ರಹ್ಮಯ್ಯ ಎಂಬ ಶರಣರ ಹೆಸರಿನಲ್ಲೇ ಬುರುಡೆ ಕಟ್ಟಿದ ವಾದ್ಯವಿದೆ.

ಆದರೆ ಇವೆಲ್ಲ ತಂತಿಯ ಮನೆತನ. ಬುರುಡೆ ಇಲ್ಲಿ ತಂತಿಯ ನಾದವನ್ನು ಹಿಗ್ಗಿಸುತ್ತದೆ, ತಾನಾಗಿ ತಾಳ ಹಿಡಿಯುವುದಿಲ್ಲ. ತಾಳಕ್ಕೆ ಬುರುಡೆಯನ್ನೇ ಮುಂದೆ ಕೂರಿಸಿದವರು ಆಫ್ರಿಕದವರು. ಆ ರಕ್ತದ ಬಂಧುಗಳು ನಮ್ಮಲ್ಲೂ ಇದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿಗಳು ಬಾರಿಸುವುದು ಡಮಾಮಿ, ಅದು ತೊಗಲಿನ ವಾದ್ಯ. ಗುಜರಾತಿನ ಸಿದ್ದಿಗಳು ಮಾತ್ರ ತೆಂಗಿನ ಚಿಪ್ಪಿನೊಳಗೆ ಕಾಳು ತುಂಬಿ, ಬಟ್ಟೆ ಸುತ್ತಿದ ಮಾಯಿ ಮಿಶ್ರಾ ಎಂಬ ಗಿಲಕಿಯನ್ನು ದೇವರ ವಾದ್ಯವೆಂದು ಉಳಿಸಿಕೊಂಡಿದ್ದಾರೆ.

ಸೋರೆಬಳ್ಳಿಯೇ ಮೂಲದಲ್ಲಿ ಆಫ್ರಿಕದ್ದು. ಮನುಷ್ಯ ಹಡಗು ಕಟ್ಟುವ ಮೊದಲೇ ಅದು ಸಮುದ್ರ ದಾಟಿತ್ತು. ಒಣಕಾಯಿ ಮುಳುಗುವುದಿಲ್ಲ, ಒಳಗಿನ ಬೀಜಕ್ಕೆ ಉಪ್ಪುನೀರು ಸುಲಭಕ್ಕೆ ತಾಗುವುದಿಲ್ಲ. 1954ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 224 ದಿನ ಸಮುದ್ರದ ನೀರಿನಲ್ಲಿ ತೇಲಿಸಿದ ಕಾಯಿಗಳ ಬೀಜ ಬಿತ್ತಿದರೆ ಮೊಳೆತವು. ಅಮೆರಿಕ ಖಂಡದಲ್ಲಿ ಸಿಕ್ಕ ಸಾವಿರಾರು ವರ್ಷ ಹಳೆಯ ಬುರುಡೆಗಳ ವಂಶವಾಹಿಯನ್ನು 2014ರಲ್ಲಿ ಪರೀಕ್ಷಿಸಿದ ವಿಜ್ಞಾನಿಗಳು, ಅವು ಆಫ್ರಿಕದಿಂದ ತೇಲಿ ಬಂದವೇ ಎಂದು ಹೇಳಿದರು. ನಮ್ಮ ಹುಡುಗರನ್ನು ಕೃಷ್ಣೆಯಲ್ಲಿ ತೇಲಿಸಿದ ಬುರುಡೆಯ ಕುಲವೇ ಅಟ್ಲಾಂಟಿಕ್ ಸಾಗರವನ್ನು ಈಸಿದೆ.

ಇನ್ನು ಮಾಡುವ ಕೆಲಸಕ್ಕೆ ಬರೋಣ. ಮಾಡುವುದು ಶುರುವಾಗುವುದು ಬೀಜದಿಂದ. ಪಲ್ಯಕ್ಕೆ ತರುವ ಎಳೆಯ ಉದ್ದನೆಯ ಕಾಯಿ ವಾದ್ಯಕ್ಕೆ ಬಾರದು, ಒಣಗಿದರೆ ಚಕ್ಕೆ ತೆಳ್ಳಗಾಗಿ ಮುರುಟುತ್ತದೆ. ಬೇಕಾದದ್ದು ದಪ್ಪ ಚಕ್ಕೆಯ, ಹೊಟ್ಟೆ ಗುಂಡಗಾಗಿ ಕತ್ತು ಸಣ್ಣಗಿರುವ ಜಾತಿ. ಹೆಚ್ಚಾಗಿ ಅದು ಕಹಿಸೋರೆ. ಅದನ್ನು ಅಡುಗೆಯ ಸೋರೆಯ ಹತ್ತಿರ ಹಾಕಬೇಡಿ. ಎರಡರ ಹೂವು ಬೆರೆತರೆ ಮುಂದಿನ ವರ್ಷದ ಬೀಜದಲ್ಲಿ ಅಡುಗೆಯ ಕಾಯಿಗೂ ಕಹಿ ಬರಬಹುದು. ಕಹಿಯಾದ ಸೋರೆಯ ರಸ ಕುಡಿದು ಜೀವ ಕಳೆದುಕೊಂಡವರಿದ್ದಾರೆ, ಕಹಿ ಕಂಡರೆ ಕುಡಿಯಲೇಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರೂ ಎಚ್ಚರಿಸಿದ್ದಾರೆ. ಮುಂಗಾರಿನಲ್ಲಿ ಬೀಜ ಹಾಕಿ, ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸಬೇಕು. ನೆಲದ ಮೇಲೆ ಬಿಟ್ಟ ಕಾಯಿ ಒಂದು ಮಗ್ಗುಲು ಚಪ್ಪಟೆಯಾಗುತ್ತದೆ. ಜೋತುಬಿದ್ದ ಕಾಯಿಗೆ ತನ್ನ ಭಾರಕ್ಕೇ ಕತ್ತು ನೀಳವಾಗಿ, ತಳ ಗುಂಡಗಾಗಿ ಇಳಿಯುತ್ತದೆ. ವಾದ್ಯಕ್ಕೆ ಆ ಗುಂಡು ತಳವೇ ಮುಖ್ಯ, ಅಂಗೈ ಬೀಳುವುದು ಅಲ್ಲಿ.

ಸೋರೆಯ ಹೂವು ಸಂಜೆಗೆ ಅರಳುತ್ತದೆ. ಬಿಳಿ ಹೂವು, ಪತಂಗಗಳು ಬಂದು ಪರಾಗ ಮುಟ್ಟಿಸುತ್ತವೆ. ಸುತ್ತ ಕಬ್ಬೇ ಕಬ್ಬಾಗಿ, ಔಷಧಿ ಹೊಡೆಯುವುದು ಹೆಚ್ಚಾದ ಕಡೆ ಪತಂಗ ಬರುವುದು ಕಡಿಮೆ. ಆಗ ದೀಪ ಹಚ್ಚುವ ಹೊತ್ತಿಗೆ ಚಪ್ಪರದ ಕೆಳಗೆ ನಿಂತು, ಗಂಡು ಹೂವೊಂದನ್ನು ಕಿತ್ತು ಹೆಣ್ಣು ಹೂವಿನ ನಡುವಿಗೆ ಮೆತ್ತಗೆ ಒರೆಸಬೇಕು. ಹೆಣ್ಣು ಹೂವನ್ನು ಗುರುತಿಸುವುದು ಸುಲಭ, ಅದರ ಬುಡದಲ್ಲಿ ಹೆಬ್ಬೆರಳ ಉಗುರಿನಷ್ಟು ಪುಟ್ಟ ಸೋರೆಕಾಯಿ ಆಗಲೇ ರೋಮ ಹೊತ್ತು ಕೂತಿರುತ್ತದೆ. ಒಂದು ಬಳ್ಳಿಗೆ ಎರಡು ಮೂರು ಕಾಯಿ ಸಾಕು. ಉಳಿದವನ್ನು ಎಳೆಯದರಲ್ಲೇ ಚಿವುಟಿದರೆ ಇದ್ದವಕ್ಕೆ ಚಕ್ಕೆ ಬಲಿಯುತ್ತದೆ.

ಕಾಯಿ ಹರಿಯುವ ಹೊತ್ತು ಯಾವುದೆಂಬುದನ್ನು ನಮ್ಮ ಓಣಿಯ ಒಬ್ಬ ಅಜ್ಜಿಯಿಂದ ಕಲಿತೆ. ಚಪ್ಪರದ ಕಾಯಿ ಬೆರಳಿನಿಂದ ಬಡಿದರೆ ಕಟಕಟ ಅನ್ನುತ್ತಿತ್ತು. ಹರಿಯಲೇ ಎಂದು ಕೇಳಿದ್ದಕ್ಕೆ ಅವರು ಕಾಯಿಯನ್ನು ನೋಡಲೇ ಇಲ್ಲ, ತೊಟ್ಟನ್ನು ನೋಡಿದರು. "ಯಪ್ಪಾ, ತೊಟ್ಟ ಇನ್ನೂ ಹಸರ ಐತಿ. ಅದು ಒಣಗೂತನಾ ಕಾಯಿಗೆ ಕೈ ಹಚ್ಚಬ್ಯಾಡ," ಅಂದರು. "ಮತ್ತ ಹರಿವಾಗ ತೊಟ್ಟ ಬಿಟ್ಟ ಹರಿ. ತೊಟ್ಟ ಹೋದ್ರ ಅಲ್ಲಿಂದನಾ ಕೊಳಿತೈತಿ." ಇಷ್ಟೇ ಮಾತು. ಯಾವ ಪುಸ್ತಕ ಓದಿದರೂ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಬಳ್ಳಿ ಪೂರ್ತಿ ಒಣಗಿ, ತೊಟ್ಟು ಕಂದಾಗಿ ಬಿರುಸಾದ ಮೇಲೆ, ನಾಲ್ಕು ಬೆರಳು ತೊಟ್ಟು ಉಳಿಸಿ ಕೊಯ್ಯಬೇಕು.

ಆಮೇಲೆ ಕಾಯುವುದು. ಸೋರೆಕಾಯಿಯ ತೂಕದಲ್ಲಿ ಬಹುಪಾಲು ನೀರು. ಆ ನೀರೆಲ್ಲ ಚಕ್ಕೆಯ ಮೂಲಕವೇ ಹೊರಗೆ ಬರಬೇಕು. ನೆರಳಿರಬೇಕು, ಗಾಳಿಯಾಡಬೇಕು, ಒಂದಕ್ಕೊಂದು ತಾಗಬಾರದು. ಬಿಸಿಲಿಗಿಟ್ಟರೆ ಬೇಗ ಒಣಗುವಂತೆ ಕಂಡರೂ ಚಕ್ಕೆ ಸೀಳುತ್ತದೆ. ಕೆಲವು ವಾರಕ್ಕೆ ಮೈಮೇಲೆ ಬೂಷ್ಟು ಬರುತ್ತದೆ, ಕಪ್ಪು, ಬಿಳಿ, ಹಸಿರು ಕಲೆಗಳು. ಮನೆಯ ಹೆಂಗಸರು ಎಸೆದುಬಿಡಿ ಎನ್ನುತ್ತಾರೆ. ಎಸೆಯಬಾರದು. ಒತ್ತಿ ನೋಡಿ ಗಟ್ಟಿಯಿದ್ದರೆ ಬೂಷ್ಟು ಬರಿ ಮೇಲಿನದು. ಬೆರಳು ಒಳಗಿಳಿದರೆ ಮಾತ್ರ ಅದು ಕೊಳೆತದ್ದು. ದಪ್ಪ ಚಕ್ಕೆಯ ಕಾಯಿಗೆ ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಕೈಯಲ್ಲೆತ್ತಿದರೆ ಹಗುರಾಗಿ, ಅಲುಗಿಸಿದರೆ ಬೀಜ ಒಳಗೆ ಗಲಗಲ ಎಂದರೆ ಒಣಗಿತೆಂದು ಅರ್ಥ.

ಒಣಗಿದ ಬುರುಡೆಗೆ ಒದ್ದೆ ಗೋಣಿಚೀಲ ಸುತ್ತಿ ಒಂದು ರಾತ್ರಿ ಬಿಟ್ಟು, ಬೆಳಗ್ಗೆ ತೆಂಗಿನ ನಾರಿನಿಂದ ಉಜ್ಜಿದರೆ ಬೂಷ್ಟಿನ ಜೊತೆಗೆ ಮೇಲಿನ ತೆಳು ಸಿಪ್ಪೆಯೂ ಹೋಗುತ್ತದೆ. ಕೆಳಗೆ ಜೇನಿನ ಬಣ್ಣದ ಚಕ್ಕೆ ಕಾಣುತ್ತದೆ. ಕತ್ತಿನ ತುದಿಯನ್ನು ಸಣ್ಣ ಹಲ್ಲಿನ ಗರಗಸದ ಬ್ಲೇಡಿನಿಂದ ಕೊಯ್ಯಬೇಕು. ಬಾಯಿ ಸಣ್ಣದಾಗಿಯೇ ಕೊಯ್ಯಿರಿ. ಬಾಯಿ ಅಗಲವಾದಷ್ಟೂ ಸ್ವರ ಮೇಲೇರುತ್ತದೆ, ಹೊಟ್ಟೆ ದೊಡ್ಡದಾದಷ್ಟೂ ಕೆಳಗಿಳಿಯುತ್ತದೆ. ಸಣ್ಣ ಬಾಯಿಯನ್ನು ಅಗಲಿಸಬಹುದು, ಅಗಲವಾದದ್ದನ್ನು ಸಣ್ಣದು ಮಾಡಲು ಬರುವುದಿಲ್ಲ. ಒಳಗಿನ ಒಣ ತಿರುಳಿನ ಪುಡಿ ವಿಪರೀತ ಕಹಿ, ಮೂಗಿಗೆ ಹೋದರೆ ಗಂಟಲು ಹಿಡಿಯುತ್ತದೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಬುರುಡೆಗೆ ನೀರು ತುಂಬಿ ನೆನೆಸಿ, ಹೊಳೆಯ ಒಂದು ಹಿಡಿ ಹರಳು ಹಾಕಿ ತಿರುಗಿಸುತ್ತಿದ್ದರೆ ತಿರುಳು ತಾನೇ ಬಿಟ್ಟು ಬರುತ್ತದೆ. ಬೀಜವನ್ನು ಚೆಲ್ಲಬೇಡಿ. ನೀರು ಹಾಕುವ ಮುಂಚೆಯೇ ಕೊಡವಿ ತೆಗೆದಿಡಿ, ಮುಂದಿನ ಬಳ್ಳಿ ಅದರಲ್ಲಿದೆ.

ಒಳಗೂ ಹೊರಗೂ ಮತ್ತೆ ಒಣಗಿಸಿ ಎಣ್ಣೆ ಹಚ್ಚಬೇಕು. ಅಗಸಿ ಎಣ್ಣೆಗಿಂತ ಉತ್ತಮವಾದದ್ದಿಲ್ಲ. ನಮ್ಮ ಕಡೆ ಅಗಸಿಯನ್ನು ಹಿಂಡಿ ಚಟ್ನಿಗೆ ಬೆಳೆಯುತ್ತಾರೆ, ಅದರ ಎಣ್ಣೆಗೆ ಗಾಳಿ ತಾಗಿದರೆ ಗಟ್ಟಿಯಾಗಿ ಪೊರೆ ಕಟ್ಟುವ ಗುಣವಿದೆ. ಶೇಂಗಾ ಎಣ್ಣೆಗೆ ಆ ಗುಣವಿಲ್ಲ, ಅದು ಅಂಟಾಗಿಯೇ ಉಳಿದು ಧೂಳು ಹಿಡಿಯುತ್ತದೆ. ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಬಿಸಾಡಬೇಡಿ. ಅಗಸಿ ಎಣ್ಣೆಯ ಅರಿವೆ ತಾನಾಗಿ ಕಾವೇರಿ ಹೊತ್ತಿಕೊಳ್ಳುವುದುಂಟು. ಹರವಿ ಒಣಗಿಸಿ.

ಈಗ ಬಲೆ. ನನಗೆ ಪ್ರೀತಿಯ ಕೆಲಸ ಇದು, ಹಾಗಾಗಿ ತುಸು ಹೊತ್ತು ಇಲ್ಲಿ ನಿಲ್ಲುತ್ತೇನೆ.

ಸುತ್ತಳತೆ ಅರವತ್ತು ಸೆಂಟಿಮೀಟರಿನ ಒಂದು ಬುರುಡೆ ಇದೆ ಅಂದುಕೊಳ್ಳಿ. ಗಟ್ಟಿ ಹೊಸೆದ ನೈಲಾನ್ ದಾರವಾಗಲಿ, ಮೇಣ ತಿಕ್ಕಿದ ನೂಲಿನ ಹುರಿಯಾಗಲಿ ಸರಿ. ಮೊದಲು ಕತ್ತಿನ ಸುತ್ತ ಒಂದು ಹುರಿಯ ಬಳೆ ಕಟ್ಟಬೇಕು, ಅದೇ ಬಲೆಯ ತಲೆ. ಎರಡೆರಡು ಮೀಟರಿನ ಇಪ್ಪತ್ನಾಲ್ಕು ದಾರ ಕತ್ತರಿಸಿ, ಒಂದೊಂದನ್ನೂ ನಡುವಿಗೆ ಮಡಚಿ, ಮಡಿಕೆಯನ್ನು ಬಳೆಯ ಹಿಂದಿನಿಂದ ತಂದು ಅದರೊಳಗೆ ಎರಡು ತುದಿ ತೂರಿಸಿ ಎಳೆದರೆ ದಾರ ಬಳೆಗೆ ಕಚ್ಚುತ್ತದೆ. ಈಗ ಬುರುಡೆಯ ಸುತ್ತ ನಲವತ್ತೆಂಟು ಎಳೆ ಇಳಿಬಿದ್ದವು. ಒಂದು ದಾರದ ಬಲ ಎಳೆ, ಪಕ್ಕದ ದಾರದ ಎಡ ಎಳೆ, ಇವೆರಡನ್ನೂ ಕೂಡಿಸಿ ಒಂದು ಮಣಿಯೊಳಗೆ ತೂರಿಸಿ, ಮಣಿಯ ಬುಡಕ್ಕೆ ಗಂಟು. ಹೀಗೆ ಸುತ್ತು ಮುಗಿದರೆ ಇಪ್ಪತ್ನಾಲ್ಕು ಮಣಿ. ಮುಂದಿನ ಸುತ್ತಿನಲ್ಲಿ ಜೋಡಿ ಬದಲಾಗುತ್ತದೆ, ಈ ಗಂಟಿನ ಬಲ ಎಳೆ ಆ ಗಂಟಿನ ಎಡ ಎಳೆಯನ್ನು ಹುಡುಕಿಕೊಂಡು ಹೋಗುತ್ತದೆ. ಆಗ ಎರಡು ಸಾಲಿನ ನಡುವೆ ವಜ್ರದ ಆಕಾರದ ಕಣ್ಣು ತೆರೆಯುತ್ತದೆ. ಹದಿನಾಲ್ಕು ಸಾಲು ಹೆಣೆದರೆ 336 ಮಣಿ.

ಕತ್ತಿನ ಹತ್ತಿರ ಕಣ್ಣು ಚಿಕ್ಕದಿರಬೇಕು, ಹೊಟ್ಟೆಗೆ ಬಂದಂತೆ ದೊಡ್ಡದಾಗಬೇಕು, ತಳಕ್ಕೆ ಮತ್ತೆ ಕಿರಿದಾಗಬೇಕು. ಅಂದಾಜಿನ ಮೇಲೆ ಹೆಣೆದರೆ ಒಂದು ಕಡೆ ಜೋಲು ಬೀಳುತ್ತದೆ. ಈ ಅಳತೆಯ ಉಪಾಯ ಕೃಷ್ಣೆಯ ಅಂಬಿಗರ ಹತ್ತಿರ ಮೊದಲಿನಿಂದ ಇದೆ. ಬಲೆ ಹೆಣೆಯುವಾಗ ಅವರು ಕಣ್ಣಿನ ಅಳತೆಗೆ ಬಿದಿರಿನ ಒಂದು ನುಣುಪಾದ ಪಟ್ಟಿ ಇಟ್ಟುಕೊಂಡು, ಅದರ ಮೇಲೆ ದಾರ ಹಾಯಿಸಿ ಗಂಟು ಹಾಕುತ್ತಾರೆ. ಹೊಟ್ಟೆಗೊಂದು, ಕತ್ತಿಗೊಂದು, ನಡುವಿಗೊಂದು ಪಟ್ಟಿ ಮಾಡಿಕೊಂಡರೆ ನಮ್ಮ ಕೆಲಸವೂ ಆಯಿತು.

ಗಂಟಿನ ಬಿಗುವು ಮಾತ್ರ ಇನ್ನೊಬ್ಬರ ಹತ್ತಿರ ನೋಡಬೇಕು. ಪಟವೇಗಾರರು ಗುಂಡು, ಸರಗಳನ್ನು ದಾರಕ್ಕೆ ಪೋಣಿಸುವುದನ್ನು ಯಾವುದಾದರೂ ಜಾತ್ರೆಯಲ್ಲಿ ಸುಮ್ಮನೆ ನಿಂತು ನೋಡಿ. ದಾರದ ಒಂದು ತುದಿ ಕಾಲಿನ ಹೆಬ್ಬೆರಳಿಗೆ ಸುತ್ತಿರುತ್ತದೆ. ಕಾಲನ್ನು ಒಂದು ಗುಲಗಂಜಿಯಷ್ಟು ಮುಂದೆ ಚಾಚಿದರೆ ದಾರ ಬಿಗಿಯುತ್ತದೆ, ಹಿಂದೆ ತಂದರೆ ಸಡಿಲುತ್ತದೆ. ಎರಡೂ ಕೈ ಗಂಟಿಗೆ ಬಿಡುವಾಗಿರುತ್ತವೆ. ಗಂಟನ್ನು ಸಡಿಲಾಗಿ ಹಾಕಿ, ಸೂಜಿಯ ಮೊನೆಯಿಂದ ಅದನ್ನು ಮಣಿಯ ಬುಡದ ತನಕ ತಳ್ಳಿಕೊಂಡು ಹೋಗಿ, ಅಲ್ಲಿ ಮುಟ್ಟಿದ ಮೇಲೆಯೇ ಕಾಲು ಚಾಚುತ್ತಾರೆ. ಗಂಟು ಬೇಕಾದಲ್ಲೇ ಕೂರುತ್ತದೆ, ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ. ನಾನು ಬುರುಡೆಯನ್ನು ಎರಡು ಮೊಳಕಾಲಿನ ನಡುವೆ ಹಿಡಿದು, ದಾರವನ್ನು ಹೆಬ್ಬೆರಳಿಗೆ ಸುತ್ತಿಕೊಂಡೇ ಹೆಣೆಯುತ್ತೇನೆ. ಕೂರಲು ಎಲ್ಲಕ್ಕಿಂತ ಸಲೀಸಾದ ಬಗೆ ಅದು.

ಬಲೆ ಎಷ್ಟು ಸಡಿಲಿರಬೇಕು? ವಾದ್ಯದ ಜೀವ ಈ ಪ್ರಶ್ನೆಯಲ್ಲಿದೆ. ಬಿಗಿಯಾದರೆ ಮಣಿ ಚಕ್ಕೆಗೆ ಅಂಟಿಕೊಂಡು ಮೂಕವಾಗುತ್ತದೆ. ಅತಿ ಸಡಿಲಾದರೆ ಕೈ ಬಿದ್ದ ಎಷ್ಟೋ ಹೊತ್ತಿಗೆ ಝಲ್ ಅನ್ನುತ್ತದೆ, ತಾಳ ತಪ್ಪುತ್ತದೆ. ಹೊಟ್ಟೆಯ ಹತ್ತಿರ ಬಲೆಯ ಕೆಳಗೆ ಎರಡು ಬೆರಳು ಹಾಯಿಸಿದರೆ ಸಲೀಸಾಗಿ ಹೋಗಬೇಕು, ಮೂರನೆಯ ಬೆರಳಿಗೆ ತಡೆಯಬೇಕು. ಕೊನೆಯ ಸಾಲಿನ ಎಳೆಗಳನ್ನೆಲ್ಲ ತಳದಲ್ಲಿ ಇನ್ನೊಂದು ಹುರಿಯ ಬಳೆಗೆ ಕಟ್ಟಿ, ಆ ಬಳೆಯನ್ನು ಬಿಚ್ಚಿ ಬಿಗಿಯುವಂತೆ ಇಟ್ಟುಕೊಂಡರೆ, ಹಾಡಿಗೆ ತಕ್ಕಂತೆ ಬಲೆಯನ್ನು ಇಳಿಸಿ ಏರಿಸಬಹುದು. ತಬಲಾಕ್ಕೆ ಗಟ್ಟಾ ಇದ್ದ ಹಾಗೆ ಇದಕ್ಕೆ ಆ ಬಳೆ. ತಳದ ನಡುವೆ ಅಂಗೈಯಗಲ ಜಾಗ ಮಾತ್ರ ಬರಿದಾಗಿ ಬಿಡಬೇಕು.

ಮಣಿಯ ಆಯ್ಕೆಯಲ್ಲಿ ನನ್ನ ಮಾತು ಖಡಾಖಂಡಿತ. ಗಾಜಿನ ಮಣಿ ಚುರುಕು, ಮೈದಾನದಲ್ಲೂ ಕೇಳಿಸುತ್ತದೆ. ಆದರೆ ಭಜನೆಯ ಗುಡಿಯೊಳಗೆ ಕಿವಿಗೆ ಹೆಚ್ಚಾಗುತ್ತದೆ. ಪ್ಲಾಸ್ಟಿಕ್ ಮಣಿ ಅಗ್ಗ, ಒಂದೇ ಅಳತೆಯದು, ಕಲಿಯುವವರಿಗೆ ತಕ್ಕದ್ದು. ರುದ್ರಾಕ್ಷಿಯ ಮೈ ಒರಟಾದ್ದರಿಂದ ಅದು ಚಕ್ಕೆಯ ಮೇಲೆ ಜಾರುವುದಿಲ್ಲ, ಸದ್ದು ಮೆತ್ತಗೆ. ಅದನ್ನು ಕೊರಳಿಗೇ ಬಿಡೋಣ. ನನಗೆ ಒಪ್ಪಿದ್ದು ಅಂಟುವಾಳದ ಬೀಜ. ತಲೆಗೆ ಹಚ್ಚಲು ಅಂಟುವಾಳದ ಸಿಪ್ಪೆ ಬಿಡಿಸಿದ ಮೇಲೆ ಉಳಿಯುವ ಕಪ್ಪು ಗುಂಡು ಬೀಜ, ಕಲ್ಲಿನಷ್ಟು ಗಟ್ಟಿ. ಬಿಟ್ಟಿ ಸಿಗುತ್ತದೆ. ಎರಡು ಎಳೆ ಹಾಯಲು ಎರಡೂವರೆ ಮೂರು ಮಿಲಿಮೀಟರಿನ ತೂತು ಬೇಕು. ಕಟ್ಟಿಗೆಯ ಹಲಗೆಯಲ್ಲಿ ಬೀಜ ಕೂರುವಷ್ಟು ಗುಳಿ ಮಾಡಿ ಅದರಲ್ಲಿಟ್ಟು ಕೊರೆದರೆ ಜಾರುವುದಿಲ್ಲ. ಅದರ ಸದ್ದಿಗೆ ಗಾಜಿನ ಚುರುಕೂ ಇದೆ, ಕಟ್ಟಿಗೆಯ ಮೆದುವೂ ಇದೆ. ಮೊದಲಿಗೆ ನಿಮಗೆ ಕೇಳಿಸಿದ್ದು ಅದನ್ನೇ. ಒಂದನ್ನು ಮಾತ್ರ ಯಾರೂ ಮುಟ್ಟಬೇಡಿ. ಗುಲಗಂಜಿ ಚೆಲುವಾಗಿದೆ, ಬೇಲಿಯಲ್ಲೇ ಸಿಗುತ್ತದೆ. ಆದರೆ ಅದನ್ನು ಕೊರೆದಾಗ ಬರುವ ಪುಡಿ ಕಡು ವಿಷ. ಮಕ್ಕಳ ಕೈಯಲ್ಲಂತೂ ಕೊಡಲೇಬಾರದು.

ಬಾರಿಸುವುದು ಹೇಗೆ? ಎಡಗೈಯಲ್ಲಿ ಕತ್ತು ಹಿಡಿಯಿರಿ, ಬಲ ಅಂಗೈ ತಳದ ಕೆಳಗಿರಲಿ. ನಮ್ಮ ಭಜನೆಗೆ ಹೆಚ್ಚಾಗಿ ನಡೆಯುವುದು ಎಂಟು ಮಾತ್ರೆಯ ಕೇರವಾ. ಧಾ ಗೆ ನ ತಿ, ನ ಕ ಧಿ ನ. ಧಾ ಇದ್ದಲ್ಲಿ ಅಂಗೈಯಿಂದ ತಟ್ಟಿ, ದುಂ. ಮುಂದಿನ ಮೂರು ಮಾತ್ರೆಗೆ ಬುರುಡೆಯನ್ನು ಮಣಿಕಟ್ಟಿನಿಂದ ತುಸುವೇ ಅತ್ತಿತ್ತ ತಿರುಗಿಸಿ, ಮಣಿ ಮಾತ್ರ ಆಡುತ್ತದೆ. ಐದನೆಯ ಮಾತ್ರೆ ಖಾಲಿ. ತಬಲಾದಲ್ಲಿ ಅಲ್ಲಿ ಎಡದ ಡಗ್ಗಾ ಮೌನವಾಗುತ್ತದೆ. ಇಲ್ಲಿ ಅಂಗೈ ದೂರ ಸರಿಯುತ್ತದೆ, ಬರೀ ಝಲ್. ಏಳನೆಯ ಧಿಗೆ ಮತ್ತೆ ಅಂಗೈ, ಆದರೆ ಹಗುರಾಗಿ. ಕೇಳಿ... ದುಂ ಝಲ್ ಝಲ್ ಝಲ್, ಝಲ್ ಝಲ್ ದುಂ ಝಲ್. ನಮ್ಮ ತಾಳದ ಭರಿ ಖಾಲಿಗಳು ಈ ಬುರುಡೆಯಲ್ಲಿ ಮೊದಲಿನಿಂದ ಇದ್ದವೇನೋ ಎನ್ನುವಷ್ಟು ಸಹಜವಾಗಿ ಕೂರುತ್ತವೆ. ಯೊರುಬಾ ಜನರ ತಾಳಗಳ ನಡೆ ಬೇರೆ, ಅಲ್ಲಿ ಘಂಟೆಯ ಒಂದು ಲಯ ಎಲ್ಲರನ್ನೂ ಹಿಡಿದಿಡುತ್ತದೆ, ಶೆಕೆರೆ ಅದರ ಸುತ್ತ ಆಡುತ್ತದೆ. ಅದನ್ನು ನಕಲು ಮಾಡುವುದು ನನ್ನ ಉದ್ದೇಶವಲ್ಲ. ಶಿಶುನಾಳ ಶರೀಫರ ತತ್ವಪದಕ್ಕೆ, ಏಕತಾರಿಯ ಮಗ್ಗುಲಲ್ಲಿ ಇದನ್ನು ಕೂರಿಸಿದ್ದೇವೆ. ತಂತಿಯ ಬುರುಡೆ ಶ್ರುತಿ ಹಿಡಿದರೆ ಮಣಿಯ ಬುರುಡೆ ಲಯ ಹಿಡಿಯುತ್ತದೆ. ವೀರಭದ್ರನ ಪುರವಂತರು ಒಡಪು ಹೇಳಿ ಕುಣಿಯುವಾಗ ಮಾತ್ರ ಇದನ್ನು ಒಯ್ಯುವುದಿಲ್ಲ. ಸಮ್ಮಾಳದ ಗುಡುಗಿನ ಮುಂದೆ ಇದು ಕೇಳಿಸುವುದೂ ಇಲ್ಲ, ಅಲ್ಲಿ ಇದಕ್ಕೆ ಕೆಲಸವೂ ಇಲ್ಲ.

ಈ ವಾದ್ಯವನ್ನು ನಮ್ಮೂರ ಕಡೆ ಹೆಣ್ಣುಮಕ್ಕಳು ಕೈಗೆತ್ತಿಕೊಳ್ಳಬೇಕೆಂಬುದು ನನ್ನ ದೊಡ್ಡ ಆಸೆ. ಬಾಗಿಲಿಗೆ ಮಣಿಯ ತೋರಣ ಹೆಣೆದವರು, ಕೊಬ್ಬರಿ ಬಟ್ಟಲಿಗೆ ಮಣಿಯ ಕುಸುರಿ ತೊಡಿಸಿ ಮದುವೆಯ ರುಖವತಕ್ಕೆ ಇಟ್ಟವರು ಅವರು. ಬಲೆಯ ಲೆಕ್ಕ ಅವರಿಗೆ ಹೇಳಿಕೊಡಬೇಕಾಗಿಲ್ಲ. ನನ್ನ ಕೈಯಿಂದ ಬುರುಡೆ ತೆಗೆದುಕೊಂಡ ನೆರೆಮನೆಯ ಅಕ್ಕನೊಬ್ಬರು, "ಇದರಾಗ ಏನೈತ್ರಿ ಅಣ್ಣಾರ, ನಮ್ಮ ತೋರಣದ ಹೆಣಿಕಿನ ಐತಿ," ಎಂದು ಮಾತಾಡುತ್ತಲೇ ನಾಲ್ಕು ಸಾಲು ಇಳಿಸಿದರು. ಗಂಟುಗಳು ನನ್ನವಕ್ಕಿಂತ ನೇರ. ಬಾಗಿಲ ಮೇಲೆ ಸುಮ್ಮನೆ ತೂಗುವ ಆ ಕೌಶಲ ಭಜನೆಯ ನಡುವೆ ಬಂದು ಕೂತು ಸದ್ದು ಮಾಡಲಿ. ಭಜನಾ ಮೇಳದಲ್ಲಿ ಹೆಂಗಸರ ಕೈಗೆ ತಾಳ ಬಿಟ್ಟರೆ ಬೇರೆ ವಾದ್ಯ ಕೊಡುವುದು ಇನ್ನೂ ಅಪರೂಪವೇ. ತಾವೇ ಬೆಳೆದು, ತಾವೇ ಹೆಣೆದ ವಾದ್ಯವನ್ನು ಬಾರಿಸಬೇಡಿ ಎನ್ನಲು ಯಾರಿಗೂ ಬಾಯಿ ಬರಲಾರದು.

ಬಳ್ಳಿಯ ವಿಷಯಕ್ಕೂ ಒಂದು ಮಾತು. ನಮ್ಮ ಹೊಳೆಸಾಲಿನಲ್ಲಿ ಬದುವಿನ ತನಕ ಕಬ್ಬು ಬಂದಿದೆ. ಬೇಲಿಯಿದ್ದ ಕಡೆ ತಂತಿ ಬಂದಿದೆ. 2019ರ ಆಗಸ್ಟಿನ ಮಹಾಪೂರಕ್ಕೆ ದಂಡೆಯ ಮೇಲಿನ ಎಷ್ಟೋ ಹಿತ್ತಲುಗಳು ಕೊಚ್ಚಿಹೋದವು, ಜಂತಿಗೆ ಇನ್ನೂ ಉಳಿದಿದ್ದ ಒಂದೆರಡು ಬೀಜದ ಬುರುಡೆಗಳೂ ಹೋದವು. ಕಹಿಸೋರೆಯ ಬೀಜ ಅಂಗಡಿಯಲ್ಲಿ ಸಿಗುವುದಿಲ್ಲ. ಕೊಳ್ಳುವವರಿಲ್ಲದ ಬೀಜವನ್ನು ಕಂಪನಿಗಳು ಯಾಕೆ ಮಾರುತ್ತವೆ? ಅದು ಉಳಿದಿರುವುದು ಕೆಲವು ಅಜ್ಜಿಯರ ಸೀರೆಯ ಗಂಟಿನಲ್ಲಿ, ಕೆಲವು ಗುಡಿಗಳ ಹಿಂದಿನ ಬೇಲಿಯಲ್ಲಿ. ಊರಿಗೆ ನಾಲ್ಕು ಬಳ್ಳಿ ಇದ್ದರೆ ಆ ಜಾತಿ ಉಳಿಯುತ್ತದೆ. ಹಬ್ಬಲು ಒಂದು ಕೊಟ್ಟಿಗೆಯ ಚಾವಣಿ ಸಾಕು, ಬೇರೆ ಹೊಲ ಬೇಡ.

ಮಾಡಿಕೊಂಡವರಿಗೆ ಜೋಪಾನದ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ಬುರುಡೆಯನ್ನು ನೆಲಕ್ಕಿಡಬೇಡಿ, ಕತ್ತಿನ ಬಳೆಗೆ ಹುರಿ ಕಟ್ಟಿ ತೂಗುಹಾಕಿ. ತಿರುಳು ಉಳಿದಿದ್ದರೆ ಇಲಿ ಬರುತ್ತದೆ, ಬಾಯಿಗೆ ಬಟ್ಟೆ ಕಟ್ಟಿ. ಮಳೆಗಾಲದ ಥಂಡಿಗೆ ಮೈ ಮಂಕಾದರೆ ಅಗಸಿ ಎಣ್ಣೆ ಮತ್ತೊಮ್ಮೆ ತೆಳ್ಳಗೆ ಹಚ್ಚಿ. ಸಣ್ಣ ಸೀಳು ಬಂದರೆ ಹೆದರಬೇಡಿ. ಕಟ್ಟಿಗೆಯ ಅಂಟಿಗೆ ಅದೇ ಬುರುಡೆಯ ನುಣ್ಣನೆಯ ಪುಡಿ ಕಲಸಿ ಸೀಳಿಗೆ ತುಂಬಿ, ಒಂದು ದಿನ ಅರಿವೆ ಸುತ್ತಿ ಬಿಗಿದಿಟ್ಟರೆ ಕೂಡಿಕೊಳ್ಳುತ್ತದೆ. ದಾರ ಸವೆಯುವುದು ಯಾವಾಗಲೂ ಕತ್ತಿನ ಬಳೆಯ ಹತ್ತಿರ, ಹಿಡಿದ ಕೈ ಉಜ್ಜುವುದು ಅಲ್ಲೇ. ವರ್ಷಕ್ಕೊಮ್ಮೆ ಆ ಜಾಗ ನೋಡಿ. ಒಂದು ಎಳೆ ಜುಂಗು ಬಿಟ್ಟಿದ್ದರೆ, ಬಲೆಯನ್ನು ಬಿಚ್ಚಬೇಕಾಗಿಲ್ಲ. ಹೊಸ ದಾರವನ್ನು ಬಳೆಗೆ ಕಚ್ಚಿಸಿ, ಮೊದಲ ಮಣಿಯ ಗಂಟಿಗೆ ತಂದು ಹಳೆಯ ಎಳೆಯ ಜೊತೆಗೇ ಬಿಗಿದುಬಿಡಿ.